ಛತ್ರದಲ್ಲಿ ಮೈಕಿನ ಮಾತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರಿನ ಕಲ್ಯಾಣ ಮಂಟಪಕ್ಕಾದರೂ ಹೋಗಿ. ವೇದಿಕೆಯಿಂದ ಮೈಕಿನಲ್ಲಿ ಏನೋ ಹೇಳುತ್ತಾರೆ, ಹಿಂದಿನ ಸಾಲಿನವರು ‘ಏನಂತೆ?’ ಎಂದು ಪಕ್ಕದವರನ್ನು ಕೇಳುತ್ತಾರೆ. ಮೈಕ್ ಸೆಟ್ಟಿನವನು ವಾಲ್ಯೂಮ್ ಏರಿಸುತ್ತಾನೆ. ಮಾತು ಏರಿದಷ್ಟೇ ಗೋಡೆಗೆ ಬಡಿದು ಮರಳುವ ಅನುರಣನವೂ ಏರುತ್ತದೆ. ಅದರ ಮೇಲೆ ಎಕೋ ಗುಂಡಿಯನ್ನೂ ತಿರುಗಿಸಿದನೆಂದರೆ ಮುಗಿಯಿತು ಕಥೆ.

‘ಊಟಕ್ಕೆ ಬನ್ನಿ’ ಎಂಬ ಕರೆಯನ್ನೇ ತೆಗೆದುಕೊಳ್ಳಿ. ‘ಊ’ ಉದ್ದದ, ಜೋರಾದ ದನಿ. ‘ಟ’, ‘ಕ್ಕ’ ಕ್ಷಣದಲ್ಲಿ ಸಿಡಿದು ಮುಗಿಯುವಂಥವು. ‘ಊ’ಕಾರ ಸಭಾಂಗಣದಲ್ಲಿ ಇನ್ನೂ ಮೊರೆಯುತ್ತಿರುವಾಗಲೇ ‘ಟ’ ಬಂದು ಅದರಡಿ ಮುಳುಗಿಬಿಡುತ್ತದೆ.

ಎಷ್ಟು ಹೊತ್ತು ಮೊರೆಯುತ್ತದೆ ಎಂಬುದನ್ನು ಕಟ್ಟಡ ಏಳುವ ಮೊದಲೇ ಲೆಕ್ಕ ಹಾಕಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಪಾಠವೇ ಅರ್ಥವಾಗದಿದ್ದಾಗ ವಾಲೇಸ್ ಸಾಬಿನ್ 1895ರಲ್ಲಿ ಕೆಲಸ ಶುರುಮಾಡಿದ. ರಾತ್ರಿಯೆಲ್ಲ ಆಸನದ ಮೆತ್ತೆಗಳನ್ನು ತಂದು ಹಾಸಿ, ತೆಗೆದು, ಅಳೆದು ಸೂತ್ರ ಕಂಡುಕೊಂಡ: ಕೋಣೆಯ ಘನ ಮೀಟರುಗಳನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಮೇಲ್ಮೈಗಳ ಚದರ ಮೀಟರುಗಳನ್ನು ಅವು ಹೀರುವ ಪಾಲಿನಿಂದ ಗುಣಿಸಿದ್ದು) ಭಾಗಿಸಿ. ಬರುವುದು ಸದ್ದು 60 ಡೆಸಿಬೆಲ್ ಇಳಿಯಲು ಬೇಕಾದ ಸೆಕೆಂಡುಗಳು.

30 ಮೀಟರ್ ಉದ್ದ, 15 ಅಗಲ, 6 ಎತ್ತರದ ಛತ್ರ ಎನ್ನೋಣ. ಟೈಲ್ಸ್ ನೆಲ, ಗಾರೆ ಗೋಡೆ, ಗಾಜಿನ ಕಿಟಕಿ ಎಲ್ಲ ಸೇರಿ ಬಿದ್ದ ಸದ್ದಿನಲ್ಲಿ ಶೇ. 5ರಷ್ಟನ್ನು ಹೀರಿದರೆ ಅನುರಣನ 6 ಸೆಕೆಂಡು. ಮಾತಿಗೆ ಒಂದರ ಆಸುಪಾಸಿನಲ್ಲಿದ್ದರೆ ಚೆನ್ನ. ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನಷ್ಟು ಹೀರುತ್ತಾನೆ. 300 ಜನ ಕೂತರೆ ಅನುರಣನ 2 ಸೆಕೆಂಡಿಗೆ ಇಳಿಯುತ್ತದೆ. ಖಾಲಿ ಛತ್ರದಲ್ಲಿ ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಮಾಡುವ ಪರೀಕ್ಷೆಗೆ ಬೆಲೆ ಕಡಿಮೆ ಎನ್ನುವುದು ಇದಕ್ಕೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ನೆದರ್ಲೆಂಡ್ಸಿನ ಹೌಟ್‌ಗಾಸ್ಟ್ ಮತ್ತು ಸ್ಟೀನೆಕೆನ್. ಮಾತೆಂದರೆ ದನಿಯ ಏರಿಳಿತ. ಆ ಏರಿಳಿತದಲ್ಲಿ ಎಷ್ಟು ಉಳಿದು ಕಿವಿ ತಲುಪುತ್ತದೆ ಎಂದು ಅಳೆದರೆ ಸಾಕು ಎಂದರು 1970ರ ದಶಕದಲ್ಲಿ. ನಮ್ಮ ಛತ್ರದಲ್ಲಿ ಸೆಕೆಂಡಿಗೆ 2 ಬಾರಿಯ ಏರಿಳಿತ ಖಾಲಿ ಇದ್ದಾಗ ಶೇ. 18, ಜನ ತುಂಬಿದಾಗ ಶೇ. 48 ಉಳಿಯುತ್ತದೆ. ನಿಧಾನ, ವೇಗದ ಏರಿಳಿತಗಳನ್ನೆಲ್ಲ ಕೂಡಿಸಿ 0ಯಿಂದ 1ರವರೆಗೆ ಒಂದೇ ಅಂಕ ಕೊಡುತ್ತಾರೆ. 0.6 ದಾಟಿದರೆ ಒಳ್ಳೆಯದು, 0.3ಕ್ಕಿಂತ ಕೆಳಗಾದರೆ ಕೆಟ್ಟದ್ದು.

ಗದ್ದಲವೂ ಈ ಅಂಕದಲ್ಲಿ ಸೇರುತ್ತದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನಡೆಯುವಾಗ ಸುತ್ತ ತೆರೆದಿರುವ ಕಡೆ ದನಿ ಮರಳುವುದೇ ಇಲ್ಲ. ಅಲ್ಲಿ ಕಾಟ ಕೊಡುವುದು ಲಾರಿ, ಕ್ರೇಟು, ಪಕ್ಕದ ಮಂಡಿಯ ಕೂಗು. ಅಲ್ಲಿ ಗಂಟಲು ಏರಿಸಿದರೆ ಫಲವಿದೆ. ಛತ್ರದಲ್ಲಿ ಇಲ್ಲ, ಅಲ್ಲಿ ವೇದಿಕೆಯ ಪಕ್ಕದ ಎರಡು ದೊಡ್ಡ ಪೆಟ್ಟಿಗೆಗಳ ಬದಲು ಸಣ್ಣ ಸ್ಪೀಕರುಗಳನ್ನು ಕಂಬಕಂಬಕ್ಕೂ ಕಟ್ಟಿ, ಮೆಲ್ಲಗೆ, ಜನರ ಕಡೆಗೆ ತಿರುಗಿಸಬೇಕು. ಪಿಒಪಿ ಹೂಬಳ್ಳಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪವನ್ನು ತೂತಿನ ಹಲಗೆಗೂ ಅದರ ಹಿಂದಿನ ಗ್ಲಾಸ್‌ವೂಲ್‌ಗೂ ಹಾಕಬಹುದು.