ಬೆಕ್ಕಿನ ಹೊರಾಂಗಣ ಆವರಣ

ಬೆಕ್ಕಿನ ಹೊರಾಂಗಣ ಆವರಣವು ಸಾಕುಬೆಕ್ಕು ಮನೆಯ ಹೊರಗಿನ ಗಾಳಿ, ಬಿಸಿಲು ಹಾಗೂ ನೋಟಗಳನ್ನು ಅನುಭವಿಸುತ್ತಲೇ ಬೀದಿಗೆ ಅಥವಾ ನೆರೆಯವರ ಜಾಗಕ್ಕೆ ಹೋಗದಂತೆ ತಡೆಯಲು ಜಾಲರಿಯಿಂದ ನಿರ್ಮಿಸುವ ರಚನೆ. ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಇದಕ್ಕೆ 'ಕ್ಯಾಟಿಯೊ' ಎಂಬ ಹೆಸರಿದೆ. ಬೆಕ್ಕು ಎಂಬ ಅರ್ಥದ 'ಕ್ಯಾಟ್' ಮತ್ತು ಮನೆಗೆ ಹೊಂದಿಕೊಂಡ ತೆರೆದ ಅಂಗಳ ಎಂಬ ಅರ್ಥದ 'ಪ್ಯಾಟಿಯೊ' ಪದಗಳು ಸೇರಿ ಈ ಹೆಸರು ಉಂಟಾಗಿದೆ. ಕಿಟಕಿಗೆ ಅಳವಡಿಸುವ ಚಿಕ್ಕ ಪೆಟ್ಟಿಗೆಯಿಂದ ಹಿಡಿದು ಇಡೀ ಹಿತ್ತಿಲನ್ನು ಸುತ್ತುವರಿಯುವ ಬೇಲಿಯವರೆಗೆ ಇದರ ಗಾತ್ರ ಬದಲಾಗುತ್ತದೆ. ಆವರಣವನ್ನು ಮನೆಯ ವಿಸ್ತರಣೆಯೆಂದು ಪರಿಗಣಿಸಲಾಗುತ್ತದೆ. ಬೆಕ್ಕು ತನಗೆ ಬೇಕೆನಿಸಿದಾಗ ಮನೆಯೊಳಕ್ಕೆ ಮರಳಲು ದಾರಿಯಿರುವುದೇ ಇದನ್ನು ಪಂಜರದಿಂದ ಬೇರ್ಪಡಿಸುವ ಮುಖ್ಯ ಲಕ್ಷಣ.

ಹಿನ್ನೆಲೆ

ಹೊರಗೆ ಸ್ವತಂತ್ರವಾಗಿ ತಿರುಗಾಡುವ ಬೆಕ್ಕುಗಳಿಗೆ ವಾಹನಗಳು, ನಾಯಿಗಳು ಮತ್ತು ಇತರ ಬೆಕ್ಕುಗಳೊಂದಿಗಿನ ಕಾದಾಟ ಮುಖ್ಯ ಅಪಾಯಗಳು. ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ಎಂಬ ವೈರಸ್ ಹೆಚ್ಚಾಗಿ ಕಚ್ಚಿದ ಗಾಯಗಳ ಮೂಲಕ ಹರಡುತ್ತದೆ. ರೇಬೀಸ್ ರೋಗವೂ ಸೋಂಕಿತ ಪ್ರಾಣಿಯ ಕಡಿತದಿಂದ ಬೆಕ್ಕಿಗೆ ತಗಲಬಹುದು. ಇನ್ನೊಂದೆಡೆ, ಹೊಟ್ಟೆ ತುಂಬಿದ ಬೆಕ್ಕು ಸಹ ಬೇಟೆಯಾಡುವುದರಿಂದ ಹಕ್ಕಿ, ಅಳಿಲು, ಓತಿಕೇತ ಮೊದಲಾದ ಜೀವಿಗಳಿಗೆ ಹಾನಿಯಾಗುತ್ತದೆ. ೨೦೧೩ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ ೧೩೦ ಕೋಟಿಯಿಂದ ೪೦೦ ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು ಅಂದಾಜಿಸಿತು. ಇದರಲ್ಲಿ ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದ್ದೆಂದೂ ಅದೇ ಅಧ್ಯಯನ ತಿಳಿಸುತ್ತದೆ.

ಈ ಎರಡು ಕಾರಣಗಳಿಂದ ಕೆಲವು ದೇಶಗಳಲ್ಲಿ ಬೆಕ್ಕುಗಳನ್ನು ಒಡೆಯರ ಜಾಗದೊಳಗೇ ಇರಿಸುವ ನಿಯಮಗಳು ಬಂದಿವೆ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾ ಇರುವ ಆಡಳಿತ ಪ್ರದೇಶದಲ್ಲಿ ೨೦೨೨ರ ಜುಲೈ ೧ರಂದು ಅಥವಾ ಅನಂತರ ಹುಟ್ಟಿದ ಎಲ್ಲ ಸಾಕುಬೆಕ್ಕುಗಳಿಗೂ ಇಂತಹ ನಿಯಮ ಅನ್ವಯಿಸುತ್ತದೆ. ಅಲ್ಲಿ ಬೆಕ್ಕನ್ನು ಮನೆಯೊಳಗೆ ಅಥವಾ ಹೊರಾಂಗಣ ಆವರಣದಲ್ಲಿ ಇರಿಸಬಹುದು, ಇಲ್ಲವೇ ಪಟ್ಟಿ ಕಟ್ಟಿ ಹೊರಗೆ ಕರೆದೊಯ್ಯಬಹುದು. ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ೨೦೧೩ರಿಂದ ಇಂತಹ ಆವರಣಗಳನ್ನು ಸಾರ್ವಜನಿಕರಿಗೆ ತೋರಿಸುವ ಪ್ರವಾಸ ಆರಂಭವಾಯಿತು. ಪಕ್ಷಿ ಸಂರಕ್ಷಣಾ ಸಂಸ್ಥೆ ಮತ್ತು ಬೀದಿಬೆಕ್ಕುಗಳ ಹಿತಕ್ಕಾಗಿ ದುಡಿಯುವ ಸಂಸ್ಥೆ ಒಟ್ಟಾಗಿ ಇದನ್ನು ನಡೆಸಿದ್ದು ಗಮನಾರ್ಹ. ಬ್ರಿಟನ್ನಿನಲ್ಲಿ ಮಾತ್ರ ಸಾಕುಬೆಕ್ಕುಗಳು ಹೊರಗೆ ಓಡಾಡುವುದು ಇಂದಿಗೂ ಸಾಮಾನ್ಯ ರೂಢಿಯಾಗಿದೆ.

ಬೆಕ್ಕಿನ ಅಗತ್ಯಗಳು

ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಬೆಕ್ಕುವೈದ್ಯರ ಸಂಘಗಳು ೨೦೧೩ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗಸೂಚಿಯು ಬೆಕ್ಕು ಬಾಳುವ ಪರಿಸರದಲ್ಲಿ ಐದು ಅಂಶಗಳಿರಬೇಕೆಂದು ಹೇಳುತ್ತದೆ:

• ಅಡಗಲು ಸುರಕ್ಷಿತ ಸ್ಥಳ
• ಆಹಾರ, ನೀರು, ಮಲವಿಸರ್ಜನೆಯ ತಟ್ಟೆ, ಮಲಗುವ ಜಾಗ ಮೊದಲಾದವು ಒಂದಕ್ಕಿಂತ ಹೆಚ್ಚಾಗಿದ್ದು, ಪರಸ್ಪರ ದೂರದಲ್ಲಿರುವುದು
• ಆಟಕ್ಕೂ ಬೇಟೆಯನ್ನು ಹೋಲುವ ಚಟುವಟಿಕೆಗೂ ಅವಕಾಶ
• ಮನುಷ್ಯರೊಂದಿಗೆ ಹಿತವಾದ, ನಿಯತವಾದ ಒಡನಾಟ
• ಬೆಕ್ಕಿನ ಘ್ರಾಣಶಕ್ತಿಗೆ ತೊಂದರೆಯಾಗದ ವಾತಾವರಣ

ಆವರಣದ ವಿನ್ಯಾಸವನ್ನು ಅಳೆಯಲು ಈ ಅಂಶಗಳು ಉಪಯುಕ್ತ. ಜಾಲರಿ ಎಷ್ಟೇ ಗಟ್ಟಿಯಾಗಿದ್ದರೂ ಅಡಗುವ ಜಾಗವಿಲ್ಲದ ಬರಿಯ ನೆಲದ ಆವರಣವು ಬೆಕ್ಕಿಗೆ ಭಯ ಹುಟ್ಟಿಸಬಹುದು. ಅಪಾಯವನ್ನು ತಡೆಯುವುದರ ಜೊತೆಗೆ ಬಿಸಿಲು ಅಥವಾ ನೆರಳು, ಎತ್ತರ ಅಥವಾ ಮರೆ, ಒಳಗೆ ಅಥವಾ ಹೊರಗೆ ಎಂಬ ಆಯ್ಕೆಗಳನ್ನು ಬೆಕ್ಕಿಗೇ ಬಿಟ್ಟುಕೊಡುವ ಆವರಣವು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವಿಧಗಳು

• ಕಿಟಕಿ ಪೆಟ್ಟಿಗೆ: ಕಿಟಕಿಯ ಹೊರಕ್ಕೆ ಚಾಚಿಕೊಂಡ ಜಾಲರಿಯ ಪೆಟ್ಟಿಗೆ. ಕುಳಿತು ಹೊರಗೆ ನೋಡಲು ಸಾಕಾಗುತ್ತದೆ, ಓಡಾಟಕ್ಕೆ ಸಾಲದು.
• ಬಾಲ್ಕನಿ ಆವರಣ: ಬಹುಮಹಡಿ ಕಟ್ಟಡಗಳಲ್ಲಿ ಬಾಲ್ಕನಿಯನ್ನು ನೆಲದಿಂದ ಚಾವಣಿಯವರೆಗೆ ಜಾಲರಿಯಿಂದ ಮುಚ್ಚುವುದು.
• ಗೋಡೆಗೆ ತಾಗಿದ ಆವರಣ: ಮನೆಯ ಒಂದು ಗೋಡೆಯನ್ನೇ ಬದಿಯಾಗಿಸಿ ಕಟ್ಟುವ ಕೋಣೆಯಂತಹ ರಚನೆ. ಮನುಷ್ಯರೂ ಒಳಗೆ ನಿಲ್ಲಬಹುದಾದ ಎತ್ತರವಿರುತ್ತದೆ.
• ಬಿಡಿ ಆವರಣ: ಹಿತ್ತಿಲಿನಲ್ಲಿ ಪ್ರತ್ಯೇಕವಾಗಿ ನಿಲ್ಲುವ ರಚನೆ. ಮನೆಯಿಂದ ಅಲ್ಲಿಗೆ ಜಾಲರಿಯ ಸುರಂಗವನ್ನು ಜೋಡಿಸುವುದುಂಟು.
• ಬೆಕ್ಕು ದಾಟದ ಬೇಲಿ: ಸುಮಾರು ೧.೮ ಮೀಟರ್ ಎತ್ತರದ ಕಾಂಪೌಂಡಿನ ಮೇಲೆ ಒಳಮುಖವಾಗಿ ಬಾಗಿದ ಬಲೆ ಅಥವಾ ತಿರುಗುವ ಉರುಳೆಗಳನ್ನು ಅಳವಡಿಸುವುದು. ಮೇಲ್ಭಾಗ ತೆರೆದಿರುವುದರಿಂದ ಹೊರಗಿನ ಪ್ರಾಣಿಗಳು ಒಳಬರುವ ಸಾಧ್ಯತೆ ಉಳಿಯುತ್ತದೆ.

ನಿರ್ಮಾಣ

ಸ್ಥಳ: ದಿನದ ಕೆಲವು ಗಂಟೆ ಬಿಸಿಲು ಬಿದ್ದು, ಮಧ್ಯಾಹ್ನ ನೆರಳಿರುವ ಜಾಗ ಸೂಕ್ತ. ಬೆಕ್ಕುಗಳ ಬೆವರಿನ ಗ್ರಂಥಿಗಳು ಮುಖ್ಯವಾಗಿ ಪಾದಗಳಲ್ಲಿರುವುದರಿಂದ ಬೆವರಿನ ಮೂಲಕ ಅವು ಹೆಚ್ಚು ತಂಪಾಗಲಾರವು. ಆದ್ದರಿಂದ ನೆರಳಿಲ್ಲದ ಆವರಣದಲ್ಲಿ ಬೇಸಿಗೆಯ ಉಷ್ಣಾಘಾತವು ನಿಜವಾದ ಅಪಾಯ.

ಚೌಕಟ್ಟು: ಮರ, ಕಬ್ಬಿಣದ ಚೌಕ ಕೊಳವೆ ಅಥವಾ ಸತು ಲೇಪಿತ ಜಿ.ಐ. ಕೊಳವೆಗಳನ್ನು ಬಳಸಲಾಗುತ್ತದೆ. ಮರಕ್ಕೆ ಆರ್ಸೆನಿಕ್ ಇರುವ ಸಂರಕ್ಷಕಗಳನ್ನಾಗಲಿ ಕ್ರಿಯೋಸೋಟ್ ಎಣ್ಣೆಯನ್ನಾಗಲಿ ಹಚ್ಚುವುದು ಸಲ್ಲದು. ಬೆಕ್ಕು ಪಾದ ಮತ್ತು ಮೈಯನ್ನು ನೆಕ್ಕಿ ಸ್ವಚ್ಛಗೊಳಿಸಿಕೊಳ್ಳುವುದರಿಂದ ಮೈಗೆ ತಾಗಿದ ರಾಸಾಯನಿಕ ಹೊಟ್ಟೆಗೆ ಸೇರುತ್ತದೆ.

ಜಾಲರಿ: ಕಣ್ಣುಗಳ ಅಳತೆ ೨೫ ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇರುವ, ಬೆಸುಗೆ ಹಾಕಿದ ತಂತಿಯ ಜಾಲರಿ (ವೆಲ್ಡ್ ಮೆಶ್) ವಾಡಿಕೆಯಲ್ಲಿದೆ. ತಲೆ ತೂರುವಷ್ಟು ಸಂದಿನಲ್ಲಿ ಮರಿಗಳು ಸಿಲುಕಿಕೊಳ್ಳುತ್ತವೆ ಅಥವಾ ತಪ್ಪಿಸಿಕೊಳ್ಳುತ್ತವೆ. ಕೋಳಿಗೂಡಿಗೆ ಬಳಸುವ ತೆಳು ತಂತಿಯ ಬಲೆಯನ್ನು ನಾಯಿಗಳು ಹರಿಯಬಲ್ಲವು. ಹಾವುಗಳನ್ನೂ ತಡೆಯಬೇಕಾದಲ್ಲಿ ಇನ್ನೂ ಸಣ್ಣ ಕಣ್ಣಿನ ಜಾಲರಿಯನ್ನು ಕೆಳಭಾಗಕ್ಕೆ ಸೇರಿಸಲಾಗುತ್ತದೆ.

ಮೇಲ್ಛಾವಣಿ ಮತ್ತು ತಳ: ಬೆಕ್ಕು ಜಾಲರಿಯನ್ನು ಹಿಡಿದು ನೇರವಾಗಿ ಹತ್ತಬಲ್ಲದು. ಆದ್ದರಿಂದ ಮೇಲ್ಭಾಗವನ್ನೂ ಮುಚ್ಚುವುದು ಅಗತ್ಯ. ಒಂದು ಭಾಗಕ್ಕೆ ಮಳೆ ತಡೆಯುವ ಹೊದಿಕೆ, ಉಳಿದ ಭಾಗಕ್ಕೆ ಜಾಲರಿ ಹಾಕಿದರೆ ಗಾಳಿಯಾಡುತ್ತದೆ. ಮಣ್ಣಿನ ನೆಲವಿದ್ದಲ್ಲಿ ನಾಯಿ, ಹೆಗ್ಗಣಗಳು ಅಡಿಯಿಂದ ತೋಡಿ ಬರದಂತೆ ಜಾಲರಿಯ ಅಂಚನ್ನು ಸುಮಾರು ೩೦ ಸೆಂ.ಮೀ. ಆಳಕ್ಕೆ ಹೂಳುತ್ತಾರೆ ಅಥವಾ ಹೊರಕ್ಕೆ ಮಡಿಚಿ ಕಲ್ಲು ಹೇರುತ್ತಾರೆ. ಕಾಂಕ್ರೀಟ್ ಇಲ್ಲವೇ ಕಲ್ಲುಹಾಸಿನ ನೆಲವನ್ನು ತೊಳೆಯುವುದು ಸುಲಭ. ನೀರು ಹರಿದುಹೋಗಲು ಇಳಿಜಾರು ಇರಬೇಕಾಗುತ್ತದೆ.

ಬಾಗಿಲು: ಬೆಕ್ಕು ತಪ್ಪಿಸಿಕೊಳ್ಳಲು ಸುಲಭವಾದ ಜಾಗ ಮನುಷ್ಯರು ಓಡಾಡುವ ಬಾಗಿಲೇ. ಇದನ್ನು ತಡೆಯಲು ಎರಡು ಬಾಗಿಲುಗಳ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಒಂದನ್ನು ಮುಚ್ಚಿದ ಬಳಿಕವೇ ಇನ್ನೊಂದನ್ನು ತೆರೆಯುವ ವ್ಯವಸ್ಥೆ ಮಾಡಲಾಗುತ್ತದೆ. ಚಿಲಕವು ಒಳಗಿನಿಂದಲೂ ಹೊರಗಿನಿಂದಲೂ ತೆರೆಯುವಂತಿರಬೇಕು. ಮನೆಯಿಂದ ಆವರಣಕ್ಕೆ ಬೆಕ್ಕು ತಾನೇ ತಳ್ಳಿಕೊಂಡು ಹೋಗುವ ಚಿಕ್ಕ ಬಾಗಿಲನ್ನು ಅಳವಡಿಸಬಹುದು.

ಒಳಗಿನ ವ್ಯವಸ್ಥೆ

ಬೆಕ್ಕುಗಳಿಗೆ ನೆಲದ ವಿಸ್ತಾರದಷ್ಟೇ ಎತ್ತರವೂ ಮುಖ್ಯ. ಸುಮಾರು ೩೦ ಸೆಂ.ಮೀ. ಅಗಲದ ಹಲಗೆಗಳನ್ನು ಮೆಟ್ಟಿಲಿನಂತೆ ಬೇರೆ ಬೇರೆ ಎತ್ತರದಲ್ಲಿ ಜೋಡಿಸಿದರೆ ಚಿಕ್ಕ ಆವರಣದಲ್ಲಿಯೂ ಓಡಾಟಕ್ಕೆ ಅವಕಾಶವಾಗುತ್ತದೆ. ವಯಸ್ಸಾದ ಬೆಕ್ಕುಗಳಿಗೆ ಹಲಗೆಗಳ ನಡುವಣ ಅಂತರವನ್ನು ಕಡಿಮೆ ಮಾಡಿ ಇಳಿಜಾರು ಹಲಗೆಯನ್ನು ಸೇರಿಸಬೇಕಾಗುತ್ತದೆ. ಉಗುರು ಮಸೆಯಲು ತೆಂಗಿನ ಹುರಿ ಸುತ್ತಿದ ಕಂಬ ಅಥವಾ ತೊಗಟೆಯಿರುವ ಮರದ ಕೊರಡು, ಅಡಗಲು ಮರದ ಪೆಟ್ಟಿಗೆ ಮತ್ತು ಮಗುಚಿ ಬೀಳದ ನೀರಿನ ಪಾತ್ರೆ ಇರಬೇಕು. ಒಂದಕ್ಕಿಂತ ಹೆಚ್ಚು ಬೆಕ್ಕುಗಳಿದ್ದಲ್ಲಿ ಪ್ರತಿ ಅಟ್ಟಕ್ಕೂ ಎರಡು ದಾರಿಗಳಿರುವುದು ಒಳ್ಳೆಯದು. ಇಲ್ಲವಾದರೆ ಬಲಿಷ್ಠ ಬೆಕ್ಕು ದಾರಿಗೆ ಅಡ್ಡ ಕುಳಿತು ಇನ್ನೊಂದನ್ನು ಕಟ್ಟಿಹಾಕಿದಂತಾಗುತ್ತದೆ. ಮಲವಿಸರ್ಜನೆಯ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ.

ಸಸ್ಯಗಳು ಮತ್ತು ವಿಷವಸ್ತುಗಳು

ಲಿಲಿ ಜಾತಿಯ ಸಸ್ಯಗಳು ಬೆಕ್ಕುಗಳಿಗೆ ಅತ್ಯಂತ ಅಪಾಯಕಾರಿ. ಅವುಗಳ ಎಲೆ ಅಥವಾ ಪರಾಗದ ಅಲ್ಪಾಂಶವೂ ಮೂತ್ರಪಿಂಡ ವೈಫಲ್ಯಕ್ಕೆ ಕಾರಣವಾಗಬಲ್ಲದು. ಕಣಗಿಲೆ, ಸೈಕಾಸ್, ಉಮ್ಮತ್ತಿ ಮತ್ತು ಲೋಳೆಸರವನ್ನೂ ಆವರಣದಿಂದ ದೂರವಿಡಬೇಕು. ಗೋಧಿ, ಬಾರ್ಲಿ ಅಥವಾ ಓಟ್ಸ್ ಕಾಳುಗಳನ್ನು ಕುಂಡದಲ್ಲಿ ಮೊಳೆಯಿಸಿದ ಎಳೆಯ ಪೈರನ್ನು ಬೆಕ್ಕುಗಳು ಮೆಲ್ಲುತ್ತವೆ. ಕ್ಯಾಟ್‌ನಿಪ್ ಎಂಬ ಪುದೀನ ಕುಟುಂಬದ ಸಸ್ಯವು ಹಲವು ಬೆಕ್ಕುಗಳನ್ನು ಆಕರ್ಷಿಸುತ್ತದೆ. ಈ ಸ್ಪಂದನೆ ಅನುವಂಶೀಯವಾದುದರಿಂದ ಎಲ್ಲ ಬೆಕ್ಕುಗಳಲ್ಲಿಯೂ ಕಂಡುಬರುವುದಿಲ್ಲ.

ನೆಲ ತೊಳೆಯಲು ಫೀನಾಲ್ ವರ್ಗದ ರಾಸಾಯನಿಕಗಳಿರುವ ಫಿನಾಯಿಲ್ ಬಳಸುವುದು ಅಪಾಯಕರ. ಬೆಕ್ಕಿನ ಯಕೃತ್ತು ಈ ವರ್ಗದ ರಾಸಾಯನಿಕಗಳನ್ನು ಸುಲಭವಾಗಿ ಒಡೆಯಲಾರದು. ನಾಯಿಗಳ ಉಣ್ಣೆ, ಚಿಗಟಗಳಿಗೆ ಬಳಸುವ ಪರ್ಮೆಥ್ರಿನ್ ಔಷಧಿಯೂ ಬೆಕ್ಕುಗಳಿಗೆ ವಿಷ. ಸಾಬೂನು ಮತ್ತು ಬಿಸಿನೀರಿನ ತೊಳೆತ ಸಾಮಾನ್ಯವಾಗಿ ಸಾಕಾಗುತ್ತದೆ.

ಅಭ್ಯಾಸ ಮತ್ತು ನಿರ್ವಹಣೆ

ಹೊಸ ಆವರಣಕ್ಕೆ ಬೆಕ್ಕನ್ನು ಎತ್ತಿ ಒಳಬಿಟ್ಟು ಬಾಗಿಲು ಮುಚ್ಚುವುದು ತಪ್ಪು ಕ್ರಮ. ಮೊದಲ ದಿನಗಳಲ್ಲಿ ಮನೆಯ ಕಡೆಯ ಬಾಗಿಲನ್ನು ತೆರೆದಿಟ್ಟು, ಬೆಕ್ಕು ಬಳಸಿದ ಬಟ್ಟೆಯನ್ನು ಒಳಗೆ ಹಾಸಿ, ಪ್ರಿಯವಾದ ತಿನಿಸನ್ನು ಅಲ್ಲಿ ನೀಡಿದರೆ ಅದು ತಾನಾಗಿಯೇ ಹೊರಬಂದು ಪರಿಶೀಲಿಸುತ್ತದೆ. ಮೊದಲಿನಿಂದಲೂ ಬೀದಿಯಲ್ಲಿ ಓಡಾಡಿದ ಬೆಕ್ಕುಗಳಿಗೆ ಹೊಂದಿಕೊಳ್ಳಲು ಹೆಚ್ಚು ಕಾಲ ಬೇಕಾಗಬಹುದು. ಅವುಗಳಿಗೆ ದಿನನಿತ್ಯದ ಆಟದ ಅವಧಿ ಅಗತ್ಯ.

ಆವರಣದಲ್ಲಿರುವ ಬೆಕ್ಕಿಗೂ ಲಸಿಕೆ, ಪರಾವಲಂಬಿ ಜೀವಿಗಳ ನಿಯಂತ್ರಣ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಬೇಕಾಗುತ್ತವೆ. ಜಾಲರಿಯ ಮೂಲಕ ಚಿಗಟ, ಉಣ್ಣೆ, ಸೊಳ್ಳೆಗಳು ಬರುತ್ತವೆ. ತುಕ್ಕು, ಸಡಿಲಗೊಂಡ ಮೊಳೆ, ಹರಿದ ಬಲೆ ಮತ್ತು ಚಿಲಕಗಳನ್ನು ನಿಯತವಾಗಿ, ವಿಶೇಷವಾಗಿ ಗಾಳಿಮಳೆಯ ಬಳಿಕ, ಪರೀಕ್ಷಿಸಬೇಕು.

ಕರ್ನಾಟಕದ ಪರಿಸ್ಥಿತಿಯಲ್ಲಿ

ಬೆಂಗಳೂರಿನಂತಹ ನಗರಗಳ ಬಹುಮಹಡಿ ವಸತಿಗಳಲ್ಲಿ ಬಾಲ್ಕನಿಯೇ ಬೆಕ್ಕಿನ ಏಕೈಕ ಹೊರಾಂಗಣವಾಗಿರುವುದು ಹೆಚ್ಚು. ಎತ್ತರದಿಂದ ಬಿದ್ದ ಬೆಕ್ಕುಗಳಿಗೆ ಏನೂ ಆಗುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ನ್ಯೂಯಾರ್ಕ್ ನಗರದಲ್ಲಿ ಬಿದ್ದು ಚಿಕಿತ್ಸೆಗೆ ಬಂದ ೧೩೨ ಬೆಕ್ಕುಗಳ ಕುರಿತು ೧೯೮೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವುಗಳಲ್ಲಿ ಶೇ. ೯೦ರಷ್ಟು ಬದುಕುಳಿದವು. ಆದರೆ ಸ್ಥಳದಲ್ಲೇ ಸತ್ತು ಆಸ್ಪತ್ರೆಗೆ ಬಾರದ ಬೆಕ್ಕುಗಳು ಇಂತಹ ಲೆಕ್ಕದಲ್ಲಿ ಸೇರುವುದಿಲ್ಲ. ಪಾರಿವಾಳ ತಡೆಯಲು ಕಟ್ಟುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು, ಬಿಸಿಲಿಗೆ ಅದು ಶಿಥಿಲವೂ ಆಗುತ್ತದೆ. ಕಿಟಕಿಯ ಹೊರಕ್ಕೆ ಚಾಚಿದ ಕಬ್ಬಿಣದ ಸರಳುಗಳ ಪೆಟ್ಟಿಗೆಗೆ ಒಳಗಿನಿಂದ ತಂತಿ ಜಾಲರಿ ಬಿಗಿದರೆ ಅದೇ ಚಿಕ್ಕ ಆವರಣವಾಗುತ್ತದೆ. ಬೆಂಕಿ ಅವಘಡದಲ್ಲಿ ಮನುಷ್ಯರು ಹೊರಬರುವ ದಾರಿಯನ್ನು ಇದು ಮುಚ್ಚದಂತೆ ತೆರೆಯಬಲ್ಲ ಭಾಗವೊಂದನ್ನು ಉಳಿಸಬೇಕು. ಬಾಡಿಗೆ ಮನೆಗಳಲ್ಲಿ ಮಾಲೀಕರ, ವಸತಿ ಸಮುಚ್ಚಯಗಳಲ್ಲಿ ನಿವಾಸಿಗಳ ಸಂಘದ ಒಪ್ಪಿಗೆ ಪಡೆಯುವುದು ವಾಡಿಕೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ದೀರ್ಘ ಮಳೆಗಾಲದಿಂದ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ಅಲ್ಲಿ ಪ್ಲಾಸ್ಟಿಕ್ ಲೇಪಿತ ಜಾಲರಿ ಮತ್ತು ಜಿ.ಐ. ಚೌಕಟ್ಟು ಹೆಚ್ಚು ಬಾಳಿಕೆ ಬರುತ್ತವೆ. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ತಗಡಿನ ಹೊದಿಕೆಯ ಅಡಿ ತಾಪ ಏರುವುದರಿಂದ ಅದರ ಮೇಲೆ ತೆಂಗಿನ ಗರಿ ಅಥವಾ ನೆರಳುಬಲೆ ಹರಡುವುದು ಉಪಯುಕ್ತ.

ಭಾರತದ ೧೯೬೦ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ೧೧ನೆಯ ಪ್ರಕರಣವು, ಚಲನೆಗೆ ಸಾಕಷ್ಟು ಅವಕಾಶ ನೀಡದಷ್ಟು ಚಿಕ್ಕದಾದ ಪಂಜರದಲ್ಲಿ ಪ್ರಾಣಿಯನ್ನು ಇರಿಸುವುದನ್ನು ಕ್ರೌರ್ಯವೆಂದು ಪರಿಗಣಿಸುತ್ತದೆ. ಬೆಕ್ಕನ್ನು ಹಗಲಿರುಳು ಕೂಡಿಹಾಕುವ ಕಿರಿದಾದ ಗೂಡು ಹೊರಾಂಗಣ ಆವರಣದ ಉದ್ದೇಶಕ್ಕೂ ವಿರುದ್ಧವಾದುದು.

ಮಿತಿಗಳು

ಆವರಣವು ಎಲ್ಲ ಸಮಸ್ಯೆಗಳನ್ನೂ ಪರಿಹರಿಸುವುದಿಲ್ಲ. ನಿರ್ಮಾಣಕ್ಕೆ ವೆಚ್ಚವಾಗುತ್ತದೆ ಮತ್ತು ಸ್ವಂತ ಜಾಗವಿಲ್ಲದವರಿಗೆ ದೊಡ್ಡ ರಚನೆ ಸಾಧ್ಯವಾಗದು. ಜಾಲರಿಯಾಚೆ ಬೀದಿಬೆಕ್ಕು ಪದೇ ಪದೇ ಬಂದು ನಿಂತರೆ ಒಳಗಿನ ಬೆಕ್ಕು ಉದ್ವೇಗಗೊಂಡು ಮೂತ್ರ ಸಿಂಪಡಿಸುವುದು, ಜೊತೆಗಿರುವ ಬೆಕ್ಕಿನ ಮೇಲೆಯೇ ಎರಗುವುದು ಉಂಟು. ಅಂತಹ ಬದಿಗೆ ಹಲಗೆ ಅಥವಾ ಬಟ್ಟೆಯ ಮರೆ ಕಟ್ಟುವುದರಿಂದ ಪ್ರಯೋಜನವಾಗುತ್ತದೆ. ಒಡೆಯರಿಲ್ಲದ ಬೆಕ್ಕುಗಳಿಂದಾಗುವ ವನ್ಯಜೀವಿ ಹಾನಿಯನ್ನು ಆವರಣಗಳು ನೇರವಾಗಿ ತಗ್ಗಿಸಲಾರವು. ಅದಕ್ಕೆ ಸಂತಾನಹರಣದಂತಹ ಪ್ರತ್ಯೇಕ ಕ್ರಮಗಳು ಬೇಕಾಗುತ್ತವೆ. ರಾತ್ರಿಯ ವೇಳೆ, ಬಿರುಗಾಳಿಯಲ್ಲಿ ಹಾಗೂ ಪಟಾಕಿ ಸಿಡಿಯುವ ಹಬ್ಬದ ದಿನಗಳಲ್ಲಿ ಬೆಕ್ಕನ್ನು ಮನೆಯೊಳಕ್ಕೆ ಕರೆದುಕೊಂಡು ಆವರಣದ ಬಾಗಿಲನ್ನು ಮುಚ್ಚುವುದು ಸುರಕ್ಷಿತ.