ಮಾನಿಟರ್ ವರ್ಣ ಹೊಂದಾಣಿಕೆ

ಮಾನಿಟರ್ ವರ್ಣ ಹೊಂದಾಣಿಕೆ ಅಥವಾ ಮಾನಿಟರ್ ಕ್ಯಾಲಿಬ್ರೇಷನ್ ಎಂದರೆ ಗಣಕಯಂತ್ರದ ಪರದೆಯನ್ನು ಗೊತ್ತುಪಡಿಸಿದ ಹೊಳಪು, ಬಿಳುಪು ಮತ್ತು ಛಾಯಾಕ್ರಮಕ್ಕೆ ತರುವ ಕಾರ್ಯ. ಹಾಗೆ ತಂದ ಪರದೆಯು ಬಣ್ಣಗಳನ್ನು ಹೇಗೆ ತೋರಿಸುತ್ತದೆ ಎಂಬುದನ್ನು ಅಳೆದು ದಾಖಲಿಸುವುದೂ ಸಾಮಾನ್ಯವಾಗಿ ಇದರ ಭಾಗವೇ ಆಗಿದೆ. ಛಾಯಾಚಿತ್ರ ಸಂಪಾದನೆಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಸಂಪಾದಕರು ಕಣ್ಣಿಗೆ ಕಂಡದ್ದನ್ನು ನಂಬಿ ಚಿತ್ರವನ್ನು ತಿದ್ದುತ್ತಾರೆ. ಪರದೆಯೇ ನೀಲಿಯ ಕಡೆಗೆ ವಾಲಿದ್ದರೆ ಅವರು ಅರಿಯದೆಯೇ ಚಿತ್ರಕ್ಕೆ ಹಳದಿ ಸೇರಿಸುತ್ತಾರೆ ಮತ್ತು ಆ ತಪ್ಪು ಕಡತದಲ್ಲಿ ಉಳಿದುಬಿಡುತ್ತದೆ. ಮದುವೆಯ ಆಲ್ಬಮ್ಮಿನ ಎಲ್ಲ ಪುಟಗಳೂ ಮುದ್ರಣಗೊಂಡು ಬಂದ ಮೇಲೆ ಈ ದೋಷ ತಿಳಿದರೆ ಮರುಮುದ್ರಣವಲ್ಲದೆ ಬೇರೆ ದಾರಿಯಿರುವುದಿಲ್ಲ.

== ಹೊಂದಾಣಿಕೆ ಮತ್ತು ಪ್ರೊಫೈಲ್ ==

ಈ ಎರಡು ಪದಗಳನ್ನು ಬಳಕೆಯಲ್ಲಿ ಒಂದೇ ಎಂಬಂತೆ ಬಳಸಲಾಗುತ್ತದೆಯಾದರೂ ಅವು ಬೇರೆ ಬೇರೆ. ಹೊಂದಾಣಿಕೆಯು ಪರದೆಯ ವರ್ತನೆಯನ್ನೇ ಬದಲಿಸುತ್ತದೆ. ಇದನ್ನು ಮಾನಿಟರಿನ ಗುಂಡಿಗಳ ಮೂಲಕ ಇಲ್ಲವೇ ಗ್ರಾಫಿಕ್ಸ್ ಕಾರ್ಡಿನಲ್ಲಿರುವ ಪರಿವರ್ತನಾ ಕೋಷ್ಟಕದ ಮೂಲಕ ಮಾಡಲಾಗುತ್ತದೆ. ಪ್ರೊಫೈಲ್ ಎಂಬುದು ಹೊಂದಿಸಿದ ಪರದೆಯ ವರ್ಣನೆಯನ್ನು ಒಳಗೊಂಡ ಒಂದು ಕಡತ ಮಾತ್ರ. ಇದರ ಸ್ವರೂಪವನ್ನು 1993ರಲ್ಲಿ ಎಂಟು ಕಂಪನಿಗಳು ಸೇರಿ ಸ್ಥಾಪಿಸಿದ ಅಂತರರಾಷ್ಟ್ರೀಯ ವರ್ಣ ಒಕ್ಕೂಟವು ನಿರ್ಧರಿಸುತ್ತದೆ. ಆದ್ದರಿಂದ ಇವುಗಳನ್ನು ಐಸಿಸಿ ಪ್ರೊಫೈಲ್‌ಗಳೆಂದು ಕರೆಯುತ್ತಾರೆ. ಫೋಟೋಶಾಪ್, ಲೈಟ್‌ರೂಮ್, ಗಿಂಪ್, ಡಾರ್ಕ್‌ಟೇಬಲ್ ಮುಂತಾದ ವರ್ಣ ನಿರ್ವಹಣೆಯುಳ್ಳ ತಂತ್ರಾಂಶಗಳು ಈ ವರ್ಣನೆಯನ್ನು ಓದಿ ಚಿತ್ರದ ಸಂಖ್ಯೆಗಳನ್ನು ಆ ಪರದೆಗೆ ತಕ್ಕಂತೆ ಪರಿವರ್ತಿಸುತ್ತವೆ.

ದೋಷ ಹುಡುಕುವವರಿಗೆ ಈ ಭೇದವೇ ಮೊದಲ ಸುಳಿವು. ಡೆಸ್ಕ್‌ಟಾಪ್, ಮೆನು, ಚಿತ್ರ ಎಲ್ಲವೂ ಒಟ್ಟಿಗೆ ಬಣ್ಣಗೆಟ್ಟಿದ್ದರೆ ತಪ್ಪು ಹೊಂದಾಣಿಕೆಯಲ್ಲಿದೆ. ಸಂಪಾದನಾ ತಂತ್ರಾಂಶದೊಳಗಿನ ಚಿತ್ರ ಮಾತ್ರ ಕೆಟ್ಟಿದ್ದರೆ ತಪ್ಪು ಹೆಚ್ಚಾಗಿ ಪ್ರೊಫೈಲಿನಲ್ಲಿರುತ್ತದೆ. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಬೇರೊಂದು ಯಂತ್ರದಲ್ಲಿ ನೋಡುವುದೂ ಉಪಯುಕ್ತ. ಸ್ಕ್ರೀನ್‌ಶಾಟಿನಲ್ಲಿ ತಂತ್ರಾಂಶವು ಮಾಡಿದ ಪರಿವರ್ತನೆ ಸೇರಿರುತ್ತದೆ, ಗ್ರಾಫಿಕ್ಸ್ ಕಾರ್ಡಿನ ಕೋಷ್ಟಕ ಮತ್ತು ಮಾನಿಟರ್ ಮಾಡಿದ ಬದಲಾವಣೆ ಸೇರಿರುವುದಿಲ್ಲ.

== ಗುರಿ ಮೌಲ್ಯಗಳು ==

ಛಾಯಾಚಿತ್ರ ಕೆಲಸಕ್ಕೆ ಡಿ65 ಎಂಬ, ಸುಮಾರು 6500 ಕೆಲ್ವಿನ್ ವರ್ಣತಾಪದ ಬಿಳುಪನ್ನೂ 2.2ರ ಗಾಮಾ ಮೌಲ್ಯವನ್ನೂ ಬಳಸುವುದು ರೂಢಿ. ಹೆವ್ಲೆಟ್-ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ರೂಪಿಸಿದ ಎಸ್‌ಆರ್‌ಜಿಬಿ ವರ್ಣಾವಕಾಶವೂ ಡಿ65 ಬಿಳುಪನ್ನೇ ಆಧರಿಸಿದೆ. ಆಪಲ್ ಗಣಕಗಳು ಬಹುಕಾಲ 1.8ರ ಗಾಮಾ ಬಳಸುತ್ತಿದ್ದವು. 2009ರ ಮ್ಯಾಕ್ ಓಎಸ್ ಎಕ್ಸ್ 10.6 ಆವೃತ್ತಿಯಿಂದ ಅವೂ 2.2ಕ್ಕೆ ಬಂದವು. ಹಳೆಯ ಪುಸ್ತಕಗಳಲ್ಲಿ ಕಾಣುವ 1.8ರ ಸಲಹೆಯನ್ನು ಈಗ ಪಾಲಿಸಬೇಕಾಗಿಲ್ಲ. ಮುದ್ರಣವನ್ನು ಪರದೆಯ ಪಕ್ಕದಲ್ಲಿಟ್ಟು ಹೋಲಿಸುವ ಮುದ್ರಣಾಲಯಗಳಲ್ಲಿ ಡಿ50 ಬಿಳುಪನ್ನು ಆಯ್ದುಕೊಳ್ಳುವುದುಂಟು.

ಹೊಳಪಿನ ಗುರಿ ಕೋಣೆಯ ಬೆಳಕನ್ನು ಅವಲಂಬಿಸಿದೆ. ಸಾಮಾನ್ಯವಾಗಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಸೂಕ್ತವೆಂದು ಹೇಳಲಾಗುತ್ತದೆ.

== ಅಳತೆಯ ಉಪಕರಣಗಳು ==

ಕಣ್ಣಳತೆಯಿಂದ ಮಾಡುವ ಹೊಂದಾಣಿಕೆಯು ತೀರ ಒರಟಾದುದು. ಕಣ್ಣು ತಾನು ನೋಡುತ್ತಿರುವ ಬಿಳುಪಿಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಳ್ಳುವುದರಿಂದ ಅದು ಅಳತೆಗೋಲಾಗಲಾರದು. ಪರದೆಗೆ ತಾಗಿಸಿ ಇಡುವ ವರ್ಣಮಾಪಕಗಳು ಬಣ್ಣದ ಶೋಧಕಗಳ ಮೂಲಕ ಬೆಳಕನ್ನು ಅಳೆಯುತ್ತವೆ. ಇವು ಕತ್ತಲೆಯ ಛಾಯೆಗಳನ್ನು ಚೆನ್ನಾಗಿ ಅಳೆಯಬಲ್ಲವು. ಆದರೆ ಪರದೆಯ ಹಿಂಬೆಳಕಿನ ಬಗೆಗೆ ತಕ್ಕ ತಿದ್ದುಪಡಿ ಇವುಗಳಿಗೆ ಬೇಕು. ಹಳೆಯ ಫ್ಲೋರೊಸೆಂಟ್ ಹಿಂಬೆಳಕು, ಬಿಳಿ ಎಲ್‌ಇಡಿ, ವಿಶಾಲ ವರ್ಣವ್ಯಾಪ್ತಿಯ ಎಲ್‌ಇಡಿ, ಓಎಲ್‌ಇಡಿ ಇವೆಲ್ಲವುಗಳ ರೋಹಿತವು ಭಿನ್ನವಾಗಿರುತ್ತದೆ. ತಂತ್ರಾಂಶದಲ್ಲಿ ತಪ್ಪು ಬಗೆಯನ್ನು ಆಯ್ದರೆ ಉಪಕರಣ ಸರಿಯಿದ್ದರೂ ಬಿಳುಪು ಹಸಿರು ಅಥವಾ ಗುಲಾಬಿಯ ಕಡೆಗೆ ಸರಿಯಬಹುದು. ರೋಹಿತ ದ್ಯುತಿಮಾಪಕಗಳಿಗೆ ಈ ತೊಂದರೆಯಿಲ್ಲ. ಅವು ದುಬಾರಿ, ಮತ್ತು ಗಾಢ ಕಪ್ಪನ್ನು ಅಳೆಯುವಲ್ಲಿ ಹಿಂದೆ ಬೀಳುತ್ತವೆ.

ಗ್ರೇಮ್ ಗಿಲ್ ಅವರ ಆರ್ಗಿಲ್ ಸಿಎಂಎಸ್ ಮತ್ತು ಅದನ್ನು ಆಧರಿಸಿದ ಡಿಸ್‌ಪ್ಲೇಕ್ಯಾಲ್ ಎಂಬ ಮುಕ್ತ ತಂತ್ರಾಂಶಗಳು ಅನೇಕ ಉಪಕರಣಗಳೊಡನೆ ಕೆಲಸ ಮಾಡುತ್ತವೆ. ತಯಾರಕರು ಬೆಂಬಲ ನಿಲ್ಲಿಸಿದ ಹಳೆಯ ಉಪಕರಣಗಳಿಗೂ ಇವುಗಳಿಂದ ಮರುಬಳಕೆಯ ಅವಕಾಶ ದೊರೆತಿದೆ.

== ದೋಷಪತ್ತೆ ==

=== ಅಳತೆಗೆ ಮುನ್ನ ===

ಫಲಿತಾಂಶ ಸರಿಬರದಿರುವ ಹಲವು ಸಂದರ್ಭಗಳಲ್ಲಿ ಕಾರಣವು ಅಳತೆ ಆರಂಭವಾಗುವ ಮೊದಲೇ ಇರುತ್ತದೆ. ರಾತ್ರಿಯ ವೇಳೆ ಪರದೆಯನ್ನು ಕೆಂಪಾಗಿಸುವ ಸೌಲಭ್ಯ, ಸುತ್ತಲಿನ ಬೆಳಕಿಗೆ ತಕ್ಕಂತೆ ಹೊಳಪು ಬದಲಿಸುವ ಸಂವೇದಕ, ಮಾನಿಟರಿನ ಚಲನಶೀಲ ಕಾಂಟ್ರಾಸ್ಟ್, ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್ ಮಾಡುವ ಹೊಳಪಿನ ಬದಲಾವಣೆ ಇವುಗಳಲ್ಲಿ ಒಂದಾದರೂ ಚಾಲನೆಯಲ್ಲಿದ್ದರೆ ಉಪಕರಣವು ಓಡುತ್ತಿರುವ ಗುರಿಯನ್ನು ಅಳೆದಂತಾಗುತ್ತದೆ. ಪರದೆ ಕನಿಷ್ಠ ಅರ್ಧ ಗಂಟೆ ಚಾಲನೆಯಲ್ಲಿದ್ದು ಸ್ಥಿರಗೊಂಡಿರಬೇಕು.

ಎಚ್‌ಡಿಎಂಐ ತಂತಿಯ ಮೂಲಕ ಜೋಡಿಸಿದ ಮಾನಿಟರಿಗೆ ಕೆಲವೊಮ್ಮೆ ದೂರದರ್ಶನದ ಪದ್ಧತಿಯಂತೆ 0ರಿಂದ 255ರ ಬದಲು 16ರಿಂದ 235ರ ವ್ಯಾಪ್ತಿಯ ಸಂಕೇತ ಹೋಗುತ್ತಿರುತ್ತದೆ. ಆಗ ಕಪ್ಪು ಬೂದಿಯಂತೆ ಕಾಣುತ್ತದೆ. ಇದನ್ನು ಪ್ರೊಫೈಲಿನಿಂದ ಸರಿಪಡಿಸಲು ಯತ್ನಿಸುವುದು ವ್ಯರ್ಥ. ಗ್ರಾಫಿಕ್ಸ್ ಚಾಲಕದಲ್ಲಿ ಪೂರ್ಣ ವ್ಯಾಪ್ತಿಯನ್ನು ಆಯ್ದು ಮತ್ತೆ ಅಳೆಯಬೇಕು.

=== ಹೊಂದಾಣಿಕೆಯ ನಂತರ ಪರದೆ ಹಳದಿಯಾಗಿ ಕಾಣುವುದು ===

ಇದು ಬಹುತೇಕ ದೋಷವೇ ಅಲ್ಲ. ಅಂಗಡಿಯಿಂದ ತಂದ ಮಾನಿಟರುಗಳು ಸಾಮಾನ್ಯವಾಗಿ ನೀಲಿಯ ಕಡೆಗೆ ವಾಲಿರುತ್ತವೆ. ಆ ನೀಲಿಗೆ ಒಗ್ಗಿದ ಕಣ್ಣಿಗೆ ಡಿ65 ಹಳದಿಯೆನಿಸುತ್ತದೆ. ಒಂದೆರಡು ದಿನ ಬಳಸಿದ ಮೇಲೆ ಹಳೆಯ ಸ್ಥಿತಿಗೆ ಮರಳಿಸಿ ನೋಡಿದರೆ ಅದೇ ನೀಲಿಯಾಗಿ ಕಾಣುತ್ತದೆ.

ನಿಜವಾದ ದೋಷದ ಲಕ್ಷಣ ಬೇರೆ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪಿನ ಬಿಳಿ ಬಿಳಿಯಾಗಿಯೇ ಇದ್ದು, ಚಿತ್ರ ವೀಕ್ಷಕ ತಂತ್ರಾಂಶದಲ್ಲಿ ಮಾತ್ರ ಬಿಳಿಯ ಭಾಗಗಳು ಹಳದಿಯಾಗಿದ್ದರೆ ಮಾನಿಟರಿನೊಡನೆ ಬಂದ ಪ್ರೊಫೈಲ್ ಕೆಟ್ಟಿರುವ ಸಂಭವ ಹೆಚ್ಚು. ವಿಂಡೋಸ್‌ನ ವರ್ಣ ನಿರ್ವಹಣಾ ವಿಭಾಗದಲ್ಲಿ ಆ ಪ್ರೊಫೈಲನ್ನು ತೆಗೆದು, ತಾತ್ಕಾಲಿಕವಾಗಿ ಎಸ್‌ಆರ್‌ಜಿಬಿ ಪ್ರೊಫೈಲನ್ನು ನಿಯೋಜಿಸಿ, ತಂತ್ರಾಂಶವನ್ನು ಮುಚ್ಚಿ ತೆರೆದಾಗ ಹಳದಿ ಮಾಯವಾದರೆ ರೋಗ ಪತ್ತೆಯಾದಂತೆ. ಶಾಶ್ವತ ಪರಿಹಾರ ಹೊಸದಾಗಿ ಅಳೆದ ಪ್ರೊಫೈಲ್ ಮಾತ್ರ. ವಿಶಾಲ ವರ್ಣವ್ಯಾಪ್ತಿಯ ಮಾನಿಟರಿಗೆ ಎಸ್‌ಆರ್‌ಜಿಬಿ ಪ್ರೊಫೈಲ್ ಹೊಂದುವುದಿಲ್ಲ.

ಎರಡು ತಂತ್ರಾಂಶಗಳು ಒಂದೇ ಕೋಷ್ಟಕವನ್ನು ತಿದ್ದುವುದರಿಂದಲೂ ಬಣ್ಣ ಕೆಡುತ್ತದೆ. ಹಿಂದೆ ಫೋಟೋಶಾಪ್ ಜೊತೆ ಬರುತ್ತಿದ್ದ ಅಡೋಬಿ ಗಾಮಾ ಹೀಗೆ ಇತರ ತಂತ್ರಾಂಶಗಳೊಡನೆ ಘರ್ಷಿಸುತ್ತಿತ್ತು. ಈಗ ಗ್ರಾಫಿಕ್ಸ್ ಚಾಲಕದ ಬಣ್ಣದ ನಿಯಂತ್ರಣಗಳು ಆ ಕೆಲಸ ಮಾಡುತ್ತವೆ.

=== ಮುದ್ರಣ ಕಪ್ಪಾಗಿ ಬರುವುದು ===

ಛಾಯಾಗ್ರಾಹಕರ ದೂರುಗಳಲ್ಲಿ ಇದು ಅತ್ಯಂತ ಸಾಮಾನ್ಯವಾದುದು. ಬಣ್ಣದ ಹೊಂದಾಣಿಕೆ ಸರಿಯಿದ್ದೂ ಮುದ್ರಣ ಮಂಕಾಗಿದ್ದರೆ ಪರದೆಯ ಹೊಳಪನ್ನು ಮೊದಲು ಸಂದೇಹಿಸಬೇಕು. ಹೊಸ ಮಾನಿಟರುಗಳು ಚದರ ಮೀಟರಿಗೆ 250 ಕ್ಯಾಂಡೆಲಾ ಅಥವಾ ಅದಕ್ಕೂ ಮೀರಿದ ಹೊಳಪಿನಲ್ಲಿ ಬರುವುದುಂಟು. ಅಂತಹ ಪರದೆಯಲ್ಲಿ ಕಡಿಮೆ ಬೆಳಕಿನ ಚಿತ್ರವೂ ಸಾಕಷ್ಟು ಬೆಳಗಿದಂತೆ ಕಾಣುವುದರಿಂದ ಸಂಪಾದಕರು ಅದನ್ನು ಇನ್ನಷ್ಟು ಕುಗ್ಗಿಸುತ್ತಾರೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಅದು ತನ್ನ ಮೇಲೆ ಬಿದ್ದುದನ್ನಷ್ಟೇ ಹಿಂದಿರುಗಿಸುತ್ತದೆ. ಪರದೆಯಲ್ಲಿ ಖಾಲಿ ಬಿಳಿಯ ಪುಟ ತೆರೆದು, ಮುದ್ರಣ ನೋಡುವ ಬೆಳಕಿನಲ್ಲಿ ಹಿಡಿದ ಬಿಳಿ ಕಾಗದಕ್ಕೆ ಅದು ಸಮವಾಗುವವರೆಗೆ ಹೊಳಪು ತಗ್ಗಿಸುವುದು ಸರಳ ಪರೀಕ್ಷೆ.

ಮುದ್ರಣವನ್ನು ಎಲ್ಲಿ ನೋಡಲಾಗುತ್ತಿದೆ ಎಂಬುದೂ ಮುಖ್ಯ. ಐಎಸ್‌ಒ 3664 ಮಾನಕವು ಬಣ್ಣಗಳ ಸೂಕ್ಷ್ಮ ಹೋಲಿಕೆಗೆ 2000 ಲಕ್ಸ್, ಸಾಮಾನ್ಯ ಪರಿಶೀಲನೆಗೆ 500 ಲಕ್ಸ್ ಪ್ರಮಾಣದ ಡಿ50 ಬೆಳಕನ್ನು ಸೂಚಿಸುತ್ತದೆ. ಮನೆಯ ಕೋಣೆಗಳ ಸಂಜೆಯ ಬೆಳಕು ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ. ಕಿಟಕಿಯ ಬಳಿ ಒಯ್ದಾಗ ಮುದ್ರಣ ಸರಿಯಾಗಿ ಕಂಡರೆ ಕಡತವನ್ನು ದೂರುವಂತಿಲ್ಲ.

ಕೆಲವು ನಷ್ಟಗಳಿಗೂ ಹೊಂದಾಣಿಕೆಗೂ ಸಂಬಂಧವೇ ಇಲ್ಲ. ರೇಷ್ಮೆ ಸೀರೆಯ ಗಾಢ ಕೆಂಪಿನಲ್ಲಿ ಕೆಂಪಿನ ಸಂಖ್ಯೆ 255ಕ್ಕೆ ತಾಗಿ ನಿಂತರೆ ನೆರಿಗೆಗಳು ಕರಗಿ ಒಂದೇ ಬಣ್ಣದ ತೇಪೆಯಂತಾಗುತ್ತವೆ. ಜರಿಯ ಲೋಹದ ಮಿನುಗನ್ನು ಪರದೆಯಾಗಲಿ ಸಾಧಾರಣ ಮುದ್ರಣವಾಗಲಿ ತೋರಿಸಲಾರದು. ಮುದ್ರಣ ಪ್ರಯೋಗಾಲಯವು ತನ್ನ ಕಾಗದದ ಪ್ರೊಫೈಲನ್ನು ಒದಗಿಸಿದ್ದರೆ ಸಂಪಾದನಾ ತಂತ್ರಾಂಶದ ಸಾಫ್ಟ್ ಪ್ರೂಫ್ ಸೌಲಭ್ಯದಲ್ಲಿ ಯಾವ ಬಣ್ಣಗಳು ಕಳೆದುಹೋಗುತ್ತವೆ ಎಂಬುದನ್ನು ಮೊದಲೇ ನೋಡಬಹುದು.

=== ಒಂದೇ ಚಿತ್ರ ಬೇರೆ ಬೇರೆಯಾಗಿ ಕಾಣುವುದು ===

ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಚಿತ್ರವು ವರ್ಣ ನಿರ್ವಹಣೆಯಿಲ್ಲದ ತಂತ್ರಾಂಶದಲ್ಲಿ ಸಪ್ಪೆಯಾಗಿ ಕಾಣುತ್ತದೆ. ಎಸ್‌ಆರ್‌ಜಿಬಿ ಚಿತ್ರವನ್ನು ಅಂತಹ ತಂತ್ರಾಂಶದ ಮೂಲಕ ವಿಶಾಲ ವರ್ಣವ್ಯಾಪ್ತಿಯ ಮಾನಿಟರಿನಲ್ಲಿ ನೋಡಿದರೆ ಇದಕ್ಕೆ ವಿರುದ್ಧವಾಗಿ ಮುಖಗಳು ಕೆಂಡದಂತೆ ಕೆಂಪೇರುತ್ತವೆ. ಎರಡರಲ್ಲೂ ಹೊಂದಾಣಿಕೆ ಸರಿಯಿರಬಹುದು. ಪರರಿಗೆ ಕಳುಹಿಸುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲನ್ನು ಕಡತದೊಳಗೇ ಸೇರಿಸಿ ಕೊಡುವುದು ಸುರಕ್ಷಿತ. ಫೋಟೋಶಾಪಿನಲ್ಲಿ ಕಾರ್ಯಾವಕಾಶವಾಗಿ ಮಾನಿಟರಿನ ಪ್ರೊಫೈಲನ್ನೇ ಆಯ್ದುಕೊಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು. ಆ ಪ್ರೊಫೈಲನ್ನು ಕಾರ್ಯವ್ಯವಸ್ಥೆಗೆ ನಿಯೋಜಿಸಿದರೆ ಸಾಕು, ತಂತ್ರಾಂಶವು ತಾನಾಗಿ ಅದನ್ನು ಓದಿಕೊಳ್ಳುತ್ತದೆ.

=== ಛಾಯೆಗಳಲ್ಲಿ ಪಟ್ಟೆಗಳು ===

ಆಕಾಶದಂತಹ ನಯವಾದ ಭಾಗದಲ್ಲಿ ಪಟ್ಟೆಗಳು ಕಂಡರೆ ಗ್ರಾಫಿಕ್ಸ್ ಕಾರ್ಡಿನ ಕೋಷ್ಟಕದ ಮೇಲೆ ಹೆಚ್ಚಿನ ಹೊರೆ ಬಿದ್ದಿರಬಹುದು. ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ 256 ಹಂತಗಳಷ್ಟೇ ಇರುವಲ್ಲಿ ನೀಲಿಯನ್ನು ಬಹಳ ಕುಗ್ಗಿಸಿದರೆ ಕೆಲವು ಹಂತಗಳು ನಷ್ಟವಾಗುತ್ತವೆ. ಬಿಳುಪನ್ನು ಮೊದಲು ಮಾನಿಟರಿನದೇ ಕೆಂಪು, ಹಸಿರು, ನೀಲಿ ನಿಯಂತ್ರಣಗಳಿಂದ ಗುರಿಯ ಸಮೀಪಕ್ಕೆ ತಂದರೆ ಕೋಷ್ಟಕಕ್ಕೆ ಉಳಿಯುವ ಕೆಲಸ ಅಲ್ಪ. ಐಜೊ ಕಲರ್‌ಎಡ್ಜ್‌ನಂತಹ ಮಾನಿಟರುಗಳಲ್ಲಿ ಹೆಚ್ಚು ಬಿಟ್‌ಗಳ ಕೋಷ್ಟಕ ಒಳಗೇ ಇರುವುದರಿಂದ ಈ ತೊಂದರೆ ವಿರಳ.

=== ಎರಡು ಪರದೆಗಳು ಹೊಂದದಿರುವುದು ===

ಒಂದೇ ಉಪಕರಣದಿಂದ ಒಂದೇ ಗುರಿಗೆ ತಂದ ಎರಡು ಮಾನಿಟರುಗಳ ಬಿಳಿ ಕಣ್ಣಿಗೆ ಬೇರೆಯಾಗಿಯೇ ಕಾಣಬಹುದು. ಅಳತೆಯ ಲೆಕ್ಕವು ಅಂತರರಾಷ್ಟ್ರೀಯ ದೀಪನ ಆಯೋಗವು 1931ರಲ್ಲಿ ಅಂಗೀಕರಿಸಿದ ಪ್ರಮಾಣಿತ ವೀಕ್ಷಕನ ಮೇಲೆ ನಿಂತಿದೆ. ಆ ವೀಕ್ಷಕನನ್ನು ರೈಟ್ ಮತ್ತು ಗಿಲ್ಡ್ ಅವರು ಕೇವಲ 17 ಜನರ ಮೇಲೆ ನಡೆಸಿದ ಪ್ರಯೋಗಗಳಿಂದ ರೂಪಿಸಲಾಯಿತು. ಹಿಂಬೆಳಕಿನ ರೋಹಿತಗಳು ತೀರ ಭಿನ್ನವಾಗಿದ್ದಾಗ ನಿಜವಾದ ಕಣ್ಣು ಆ ಸರಾಸರಿಯಿಂದ ದೂರ ಸರಿಯುತ್ತದೆ. ಇಲ್ಲಿ ಮುಖ್ಯ ಪರದೆಯನ್ನು ಅಳತೆಯಂತೆ ಬಿಟ್ಟು, ಎರಡನೆಯದರ ಬಿಳುಪನ್ನು ಕಣ್ಣಳತೆಯಿಂದ ಹೊಂದಿಸಿ, ಆ ಬಿಳುಪನ್ನೇ ಗುರಿಯಾಗಿಟ್ಟು ಪ್ರೊಫೈಲ್ ಮಾಡಿಕೊಳ್ಳುವುದೇ ಲೇಸು.

== ಪರಿಶೀಲನೆ ==

ಕೆಲಸ ಮುಗಿದ ಮೇಲೆ ತಂತ್ರಾಂಶಗಳು ಡೆಲ್ಟಾ ಇ ಎಂಬ ವ್ಯತ್ಯಾಸದ ಅಂಕವನ್ನು ತೋರಿಸುತ್ತವೆ. 1ರ ಆಸುಪಾಸಿನ ವ್ಯತ್ಯಾಸ ಕಣ್ಣಿಗೆ ಕಷ್ಟದಿಂದ ಗೋಚರಿಸುತ್ತದೆ. ಆದರೆ ಅಳೆದ ಉಪಕರಣದಿಂದಲೇ ಪರಿಶೀಲಿಸಿದಾಗ ಬರುವ ಒಳ್ಳೆಯ ಅಂಕವು ಅಳತೆ ಸ್ಥಿರವಾಗಿದೆ ಎಂದಷ್ಟೇ ಹೇಳುತ್ತದೆ. ಉಪಕರಣವೇ ತಪ್ಪಿದ್ದರೆ ಅಂಕವೂ ಆ ತಪ್ಪಿಗೆ ಒಪ್ಪಿಗೆ ಕೊಡುತ್ತದೆ. ಆದಕಾರಣ ಕಪ್ಪಿನಿಂದ ಬಿಳಿಯವರೆಗಿನ ಬೂದುಪಟ್ಟಿಯಲ್ಲಿ ಎಲ್ಲಿಯಾದರೂ ಬಣ್ಣದ ಛಾಯೆ ಇಣುಕುತ್ತಿದೆಯೇ ಎಂದು ನೋಡುವುದು, ಪರಿಚಿತ ಚಿತ್ರವೊಂದರ ಒಳ್ಳೆಯ ಮುದ್ರಣದೊಡನೆ ಹೋಲಿಸುವುದು ಅಗತ್ಯ. ಹಿಂಬೆಳಕು ಕಾಲಕ್ರಮದಲ್ಲಿ ಮಾಸುವುದರಿಂದ ವೃತ್ತಿಪರರು ತಿಂಗಳಿಗೊಮ್ಮೆಯಾದರೂ ಮರುಅಳತೆ ಮಾಡುತ್ತಾರೆ.