ಕಡಲು ಇಳಿದಾಗ ನಡೆಯುವ ದಾರಿ

ನಮ್ಮ ಕಡೆ ಸಮುದ್ರ ಇಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಕಡೆಯೂ ನೀರು ಅಂದರೆ ಬೋರ್‌ವೆಲ್ ನೀರು, ಕೆರೆ ನೀರು, ಇಲ್ಲವೆ ಟ್ಯಾಂಕರ್ ನೀರು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಾದು, ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರ ಸೇರುತ್ತದೆ. ಆದರೆ ನಮಗೆ ಹೆಚ್ಚು ದಿನ ಕಾಣುವುದು ಅದರ ಮರಳು ಮಾತ್ರ.

ಆದರೂ ನಾವು ಸಮುದ್ರಕ್ಕೆ ಹೋಗುತ್ತೇವೆ. ಸಂಘದವರೆಲ್ಲ ಹಣ ಕೂಡಿಸಿ ಬಸ್ಸು ಮಾಡುತ್ತೇವೆ. ಧರ್ಮಸ್ಥಳ, ಕೊಲ್ಲೂರು ಮುಗಿಸಿ ಮುರುಡೇಶ್ವರ, ಗೋಕರ್ಣ ನೋಡಿ ಬರುತ್ತೇವೆ. ಕೆಲವರು ರೈಲು ಹತ್ತಿ ಸೋಮನಾಥ, ದ್ವಾರಕೆಗೂ ಹೋಗುತ್ತಾರೆ. ಅಲ್ಲಿ ಬೆಳಿಗ್ಗೆ ನೋಡಿದಾಗ ನೀರು ಕಾಲ ಹತ್ತಿರ ಇರುತ್ತದೆ. ಮಧ್ಯಾಹ್ನ ನೋಡಿದರೆ ಅಷ್ಟು ದೂರ ಹೋಗಿರುತ್ತದೆ. ಬರೀ ನೆಲ ಕಾಣುತ್ತದೆ. ನಡೆದು ನೋಡೋಣ ಅನ್ನಿಸುತ್ತದೆ.

ನಡೆಯಬಹುದು. ಆದರೆ ಅದಕ್ಕೆ ತಯಾರಿ ಬೇಕು. ಜೊತೆಗೆ ದಾರಿ ಬಲ್ಲವರು ಬೇಕು. ಯಾಕೆ ಅಂತ ಈ ಪಾಠದಲ್ಲಿ ನೋಡೋಣ.

ನೀರು ಎಲ್ಲಿಗೆ ಹೋಗುತ್ತದೆ?

ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದಕ್ಕೆ ಉಬ್ಬರ ಅನ್ನುತ್ತಾರೆ. ಇಳಿಯುವುದಕ್ಕೆ ಇಳಿತ ಅನ್ನುತ್ತಾರೆ. ಇದನ್ನು ಮಾಡಿಸುವವನು ಚಂದ್ರ. ಚಂದ್ರ ಭೂಮಿಯನ್ನು ತನ್ನ ಕಡೆ ಸೆಳೆಯುತ್ತಾನೆ. ಆಗ ಅವನ ಎದುರಿನ ಸಮುದ್ರ ಉಬ್ಬುತ್ತದೆ. ಭೂಮಿಯ ಹಿಂಬದಿಯ ಸಮುದ್ರವೂ ಉಬ್ಬುತ್ತದೆ. ನಮ್ಮ ಕೆರೆಯಲ್ಲಿ ಹೀಗೆ ಕಾಣುವುದಿಲ್ಲ, ಯಾಕೆಂದರೆ ಅದು ತೀರಾ ಚಿಕ್ಕದು.

ಏರುವುದಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಇಳಿಯುವುದಕ್ಕೂ ಅಷ್ಟೇ. ಹಾಗಾಗಿ ಹೊತ್ತು ದಿನ ದಿನಕ್ಕೂ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ 6 ಗಂಟೆಗೆ ನೀರು ಪೂರಾ ಇಳಿದಿತ್ತು ಅನ್ನಿ. ಮಧ್ಯಾಹ್ನ 12 ದಾಟಿದ ಮೇಲೆ ಪೂರಾ ಏರಿರುತ್ತದೆ. ಸಂಜೆ ಆರೂವರೆ ಹೊತ್ತಿಗೆ ಮತ್ತೆ ಇಳಿದಿರುತ್ತದೆ. ನಾಳೆ ಬೆಳಿಗ್ಗೆ ಇಳಿಯುವುದು 6ಕ್ಕಲ್ಲ, ಸುಮಾರು 6 ಗಂಟೆ 50 ನಿಮಿಷಕ್ಕೆ. ಹೋದ ವರ್ಷ ಬಂದವರು ಹೇಳಿದ ಗಂಟೆ ಈ ವರ್ಷ ನಡೆಯುವುದಿಲ್ಲ. ನಿನ್ನೆಯ ಗಂಟೆ ಇವತ್ತಿಗೇ ನಡೆಯುವುದಿಲ್ಲ.

ಅಮಾವಾಸ್ಯೆ, ಹುಣ್ಣಿಮೆ ನಮಗೆ ಹೊಸದಲ್ಲ. ಆ ದಿನಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಸೇರುತ್ತದೆ. ನೀರು ಹೆಚ್ಚು ದೂರ ಇಳಿಯುತ್ತದೆ. ವಾಪಸ್ಸು ಬರುವಾಗ ಹೆಚ್ಚು ಎತ್ತರಕ್ಕೆ, ಹೆಚ್ಚು ರಭಸದಿಂದ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ.

ಎಲ್ಲಾ ಊರಲ್ಲೂ ಒಂದೇ ಸಮ ಏರುವುದಿಲ್ಲ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಹೆಚ್ಚೆಂದರೆ ಒಂದು ಆಳಿನ ಎತ್ತರ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರಿನಷ್ಟು ಏರುತ್ತದೆ. ಅಂದರೆ ಮೂರು ಅಂತಸ್ತಿನ ಮನೆ ಮುಳುಗುವಷ್ಟು. ಕೊಲ್ಲಿ ಅಂದರೆ ನೆಲದ ಒಳಗೆ ಬಾಗಿ ನುಗ್ಗಿದ ಸಮುದ್ರ. ಸುತ್ತ ನೆಲ ಇರುತ್ತದೆ, ಒಂದು ಕಡೆ ಮಾತ್ರ ಬಾಯಿ. ಅಗಲವಾದ ಬಾಯಿಂದ ನುಗ್ಗಿದ ನೀರು ಒಳಗೆ ಇಕ್ಕಟ್ಟಿಗೆ ಸಿಕ್ಕಿ ಮೇಲೇಳುತ್ತದೆ.

ಅಘನಾಶಿನಿಯ ಹೆಂಗಸರು

ಉತ್ತರ ಕನ್ನಡ ಜಿಲ್ಲೆಯಲ್ಲಿ ಅಘನಾಶಿನಿ ಅಂತ ಒಂದು ನದಿ ಇದೆ. ಶಿರಸಿಯಲ್ಲಿ ಹುಟ್ಟಿ, ಕುಮಟಾ ಮತ್ತು ಗೋಕರ್ಣದ ನಡುವೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಸೇರುವ ಜಾಗ ಬಹಳ ಅಗಲ. ಸಿಹಿನೀರು, ಉಪ್ಪುನೀರು ಅಲ್ಲಿ ಬೆರೆಯುತ್ತವೆ. ಅದಕ್ಕೆ ಅಳಿವೆ ಅನ್ನುತ್ತಾರೆ. 2024ರಲ್ಲಿ ಈ ಅಳಿವೆಯನ್ನು ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿಸಿದರು. ಆ ಪಟ್ಟಿಗೆ ರಾಮ್ಸರ್ ಪಟ್ಟಿ ಅಂತ ಹೆಸರು.

ನೀರು ಇಳಿದಾಗ ಅಲ್ಲಿ ಕೆಸರಿನ ಬಯಲು ಎದ್ದು ಕಾಣುತ್ತದೆ. ಆ ಹೊತ್ತಿಗೆ ಸುತ್ತಲ ಊರಿನ ಹೆಂಗಸರು ಗಂಡಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಕೆಸರಿನಲ್ಲಿ ಅಡಗಿರುವ ಚಿಪ್ಪಿನ ಜೀವಿಗಳನ್ನು ಕೈಯಿಂದ ತಡಕಿ ಆರಿಸುತ್ತಾರೆ. ಆ ಕಡೆಯವರು ಇದಕ್ಕೆ ಬಳಚು ಅನ್ನುತ್ತಾರೆ. ಮನೆಗೆ ಸಾರು ಆಗುತ್ತದೆ, ಉಳಿದದ್ದು ಸಂತೆಗೆ. ಅದೇ ಅಳಿವೆಯ ಅಂಚಿನ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದು ನಿಲ್ಲುವ ಭತ್ತ ಅದು. ನಮ್ಮ ರಾಗಿ ಒಣಗಿಗೆ ತಡೆಯುವ ಹಾಗೆ ಅನ್ನಿ.

ಆ ಹೆಂಗಸರಿಗೆ ಇದು ಯಾತ್ರೆಯಲ್ಲ, ಹೊಟ್ಟೆಪಾಡು. ಯಾವ ಕಡೆ ನೆಲ ಗಟ್ಟಿ, ಯಾವ ಕಡೆ ಕಾಲು ಹೂತುಹೋಗುತ್ತದೆ, ನೀರು ತಿರುಗಿತೆಂದು ಯಾವುದರಿಂದ ಗೊತ್ತಾಗುತ್ತದೆ, ಇದೆಲ್ಲ ಅವರಿಗೆ ತಾಯಿಯಿಂದ ಕಲಿತ ವಿದ್ಯೆ. ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಹಣ್ಣಾಯಿತು ಅಂತ ಕಣ್ಣಲ್ಲೇ ಗುರುತಿಸಿ ಚಂದ್ರಿಕೆಗೆ ಬಿಡುತ್ತೇವಲ್ಲ? ಹೊತ್ತು ಮೀರಿದರೆ ಹುಳು ಕಾಯುವುದಿಲ್ಲ. ಅಲ್ಲಿ ನೀರೂ ಕಾಯುವುದಿಲ್ಲ.

ದಾರಿ ತೋರಿಸುವವರು

ಗುಜರಾತಿನ ಭಾವನಗರದ ಹತ್ತಿರ ಕೋಳಿಯಾಕ್ ಅಂತ ಒಂದು ಹಳ್ಳಿ. ಅಲ್ಲಿ ಸಮುದ್ರದ ಒಳಗೆ, ದಡದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ನಿಷ್ಕಲಂಕ ಮಹಾದೇವನ ಜಾಗ ಇದೆ. ಗುಡಿಯ ಕಟ್ಟಡ ಇಲ್ಲ. ಕಲ್ಲಿನ ಕಟ್ಟೆಯ ಮೇಲೆ ಐದು ಲಿಂಗಗಳಿವೆ. ಪಾಂಡವರು ಪೂಜಿಸಿದ್ದು ಅಂತ ಜನ ಹೇಳುತ್ತಾರೆ. ಉಬ್ಬರದಲ್ಲಿ ಎಲ್ಲ ಮುಳುಗುತ್ತದೆ, ಧ್ವಜದ ಕಂಬ ಮಾತ್ರ ಕಾಣುತ್ತದೆ. ಇಳಿತದಲ್ಲಿ ಜನ ಕೆಸರು ತುಳಿದು ನಡೆದು ಹೋಗಿ ಪೂಜೆ ಮಾಡುತ್ತಾರೆ. ಅಲ್ಲಿನ ದೊಡ್ಡ ಜಾತ್ರೆ ನಡೆಯುವುದು ಅಮಾವಾಸ್ಯೆಯ ದಿನ. ಯಾಕೆ ಅಂತ ನಿಮಗೀಗ ಗೊತ್ತು.

ಇಂಗ್ಲೆಂಡಿನಲ್ಲಿ ಮೋರ್ಕಂಬ್ ಅಂತ ಒಂದು ಕೊಲ್ಲಿ ಇದೆ. ಇಳಿತದಲ್ಲಿ ಅಲ್ಲಿ ಮೈಲುಗಟ್ಟಲೆ ಮರಳು ಕಾಣುತ್ತದೆ. ಹಿಂದೆ ಜನ ಗಾಡಿ ಕಟ್ಟಿಕೊಂಡು ಅದನ್ನೇ ದಾಟುತ್ತಿದ್ದರು. ಬಹಳ ಜನ ಮುಳುಗಿ ಸತ್ತರು. ಅದಕ್ಕೆ 1548ರಲ್ಲೇ ಸರ್ಕಾರದಿಂದ ದಾರಿ ತೋರಿಸುವವರನ್ನು ನೇಮಿಸಿದರು. ಆ ಹುದ್ದೆ ಇನ್ನೂ ಇದೆ. ಸೆಡ್ರಿಕ್ ರಾಬಿನ್ಸನ್ ಅನ್ನುವ ಮೀನುಗಾರರು 1963ರಿಂದ 2019ರವರೆಗೆ, 56 ವರ್ಷ, ಆ ಕೆಲಸ ಮಾಡಿದರು. ಸಂಬಳ ವರ್ಷಕ್ಕೆ 15 ಪೌಂಡ್, ಇರಲು ಒಂದು ಮನೆ. ನಮ್ಮ ಕೂಲಿ ಲೆಕ್ಕಕ್ಕೂ ಬಾರದ ಹಣ!

ಅವರು ಏನು ಮಾಡುತ್ತಿದ್ದರು ಕೇಳಿ. ಜನರನ್ನು ಕರೆದೊಯ್ಯುವ ಮುಂಚೆಯೇ ತಾವು ಹೋಗಿ ದಾರಿ ನೋಡುತ್ತಿದ್ದರು. ಕೋಲಿನಿಂದ ಮರಳು ಚುಚ್ಚಿ ಗಟ್ಟಿಯೋ ಮೆತ್ತಗೋ ಪರೀಕ್ಷೆ ಮಾಡುತ್ತಿದ್ದರು. ಗಟ್ಟಿ ನೆಲದ ಗುರುತಿಗೆ ಸೊಪ್ಪಿನ ಕೊಂಬೆ ನೆಡುತ್ತಿದ್ದರು. ಕೊಲ್ಲಿಯ ಒಳಗಿನ ಹೊಳೆ ಜಾಗ ಬದಲಿಸುತ್ತಲೇ ಇರುತ್ತದೆ. ಹೋದ ತಿಂಗಳ ದಾರಿ ಈ ತಿಂಗಳು ಇರುವುದಿಲ್ಲ. 56 ವರ್ಷದ ಅನುಭವ ಇದ್ದವರೂ ಪ್ರತಿ ಸಲ ಹೊಸದಾಗಿ ನೋಡುತ್ತಿದ್ದರು.

ಅದೇ ಕೊಲ್ಲಿಯಲ್ಲಿ 2004ರ ಫೆಬ್ರವರಿ 5ರ ರಾತ್ರಿ 23 ಜನ ಕೂಲಿಯವರು ಸತ್ತರು. ಅವರು ಚೀನಾದಿಂದ ದುಡಿಯಲು ಬಂದವರು. ಕೆಲಸ ಅಘನಾಶಿನಿಯ ಹೆಂಗಸರದ್ದೇ ಕೆಲಸ, ಚಿಪ್ಪು ಆರಿಸುವುದು. ಆದರೆ ಆ ನೆಲ ಅವರದಲ್ಲ, ಭಾಷೆ ಅವರದಲ್ಲ. ಮೇಸ್ತ್ರಿ ಕತ್ತಲಲ್ಲಿ ಕರೆದೊಯ್ದು ದುಡಿಸಿದ. ನೀರು ಸುತ್ತುವರಿಯಿತು. 2006ರಲ್ಲಿ ಆ ಮೇಸ್ತ್ರಿಗೆ 14 ವರ್ಷ ಜೈಲು ಆಯಿತು. ಕೂಲಿಯವರನ್ನು ಕರೆತಂದು ದುಡಿಸುವ ಇಂಥವರು ಲೈಸೆನ್ಸ್ ಪಡೆಯಲೇಬೇಕು ಅಂತ ಆ ದೇಶದಲ್ಲಿ ಕಾನೂನೂ ಬಂತು. ಕೂಲಿಗೆ ಗುಳೆ ಹೋಗುವುದು ನಮ್ಮ ಕಡೆಯವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅದಕ್ಕೇ ಇದನ್ನು ಇಲ್ಲಿ ಬರೆದದ್ದು.

ನೀರು ಹಿಂದಿನಿಂದ ಬರುತ್ತದೆ

ನೀರು ಮುಂದಿನಿಂದ ಬಂದರೆ ಕಾಣುತ್ತದೆ, ಓಡಬಹುದು ಅಂತ ನಾವು ತಿಳಿಯುತ್ತೇವೆ. ಹಾಗಲ್ಲ. ಕೆರೆಗೆ ನೀರು ಬರುವುದನ್ನು ನೆನಪು ಮಾಡಿಕೊಳ್ಳಿ. ಕಾಲುವೆಯಿಂದ ಬಂದ ನೀರು ಮೊದಲು ಹಳ್ಳ, ಗುಂಡಿ ತುಂಬುತ್ತದೆ. ದಿಬ್ಬ ಕೊನೆಗೆ ಮುಳುಗುತ್ತದೆ. ಕಡಲ ಬಯಲೂ ಹಾಗೆಯೇ. ಸಪಾಟಾಗಿ ಕಂಡರೂ ಅದರಲ್ಲಿ ತಗ್ಗು ಕಾಲುವೆಗಳಿವೆ. ನೀವು ಒಣ ದಿಬ್ಬದ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾ ನಿಂತಿರುತ್ತೀರಿ. ನಿಮಗೂ ದಡಕ್ಕೂ ನಡುವಿನ ತಗ್ಗು ಆಗಲೇ ತುಂಬಿರುತ್ತದೆ.

ಇನ್ನೊಂದು ಮಾತು. ಆರು ಗಂಟೆ ಏರುತ್ತದೆ ಅಂದರೆ ಗಂಟೆಗೊಂದು ಪಾಲು ಅಂತ ಅಲ್ಲ. ಮೊದಲ ಗಂಟೆ ಏರಿದ್ದೇ ಗೊತ್ತಾಗುವುದಿಲ್ಲ. ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲಿ ಸುಮಾರು ಅರ್ಧದಷ್ಟು ನೀರು ಬಂದುಬಿಡುತ್ತದೆ. ಒಲೆಯ ಮೇಲಿನ ಹಾಲಿನ ಹಾಗೆ.

ಹೊರಡುವ ಮುಂಚೆ

ಮೊದಲು ಹೊತ್ತು ಕೇಳಿ. ಒಬ್ಬರನ್ನಲ್ಲ, ಇಬ್ಬರನ್ನು ಕೇಳಿ. ಮೀನುಗಾರರನ್ನು ಕೇಳಿ, ಕಡಲತೀರದ ಕಾವಲಿನವರನ್ನು ಕೇಳಿ. ಉಬ್ಬರ ಇಳಿತದ ಪಟ್ಟಿ ಅಂತ ಇರುತ್ತದೆ. ಅದರಲ್ಲಿ ದಿನಾಂಕ, ಗಂಟೆ, ನೀರಿನ ಎತ್ತರ ಇರುತ್ತವೆ. ಅದರಲ್ಲಿ 14.30 ಅಂದರೆ ಮಧ್ಯಾಹ್ನ ಎರಡೂವರೆ. ಅಂಕಿ ಓದಲು ಬಂದರೆ ಸಾಕು, ನೀವೇ ನೋಡಬಹುದು.

ನೀರು ಇನ್ನೂ ಇಳಿಯುತ್ತಿರುವಾಗಲೇ ಹೊರಡಬೇಕು. ಪೂರಾ ಇಳಿದ ಗಂಟೆಗೆ ನೀವು ವಾಪಸ್ಸು ಬರುವ ದಾರಿಯಲ್ಲಿರಬೇಕು. ಪೂರಾ ಇಳಿಯಲಿ, ಆಮೇಲೆ ಹೋಗೋಣ ಅಂದರೆ ತಡವಾಯಿತು. ದಾರಿ ತೋರಿಸುವವರು ಬೇಡ ಅಂದರೆ ಬೇಡ. "ಅಷ್ಟು ದೂರದಿಂದ ಬಂದಿದ್ದೀವಿ ಅಣ್ಣ, ಒಂದೇ ಒಂದು ಸಲ" ಅಂತ ಬೇಡಿಕೊಳ್ಳಬೇಡಿ. ಮಂಜು ಇದ್ದರೆ, ಗುಡುಗು ಬಂದರೆ, ಕತ್ತಲಾಗುತ್ತಿದ್ದರೆ ಅವರು ಒಪ್ಪುವುದಿಲ್ಲ. ಒಪ್ಪುವವರನ್ನು ನಂಬಬೇಡಿ.

ಸೀರೆ ಉಟ್ಟೇ ನಡೆಯಬಹುದು. ಗದ್ದೆ ನಾಟಿಗೆ ಇಳಿಯುವಾಗ ಎತ್ತಿ ಸಿಕ್ಕಿಸಿಕೊಳ್ಳುವ ಹಾಗೆ ಸಿಕ್ಕಿಸಿಕೊಳ್ಳಿ. ನೆನೆದ ಸೀರೆ ಕಾಲಿಗೆ ಸುತ್ತಿದರೆ ಬೀಳುತ್ತೀರಿ. ಹವಾಯಿ ಚಪ್ಪಲಿ ಬೇಡ, ಕೆಸರು ಎಳೆದುಕೊಳ್ಳುತ್ತದೆ. ಹಾಗಂತ ಬರಿಗಾಲೂ ಬೇಡ, ಒಡೆದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹಿಂದೆ ಪಟ್ಟಿ ಇರುವ ಹಳೇ ಚಪ್ಪಲಿ, ಇಲ್ಲವೆ ಹಳೇ ಶೂ ಒಳ್ಳೆಯದು. ಕುಡಿಯುವ ನೀರು ಇರಲಿ, ತಲೆಗೆ ಬಟ್ಟೆ ಇರಲಿ. ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ತುರ್ತು ನಂಬರ್ 112 ನೆನಪಿರಲಿ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಮಾತ್ರೆ ತಿಂದು, ತಿಂಡಿ ತಿಂದು ಹೊರಡಿ. ಉಪವಾಸದ ದಿನ ಬೇಡ. ಬಯಲಿನಲ್ಲಿ ಮರೆ ಇಲ್ಲ. ಹಾಗಾಗಿ ಶೌಚಕ್ಕೆ ದಡದಲ್ಲೇ ಹೋಗಿ ಬನ್ನಿ. ಇದನ್ನು ಹೇಳಿಕೊಳ್ಳಲು ನಾಚಿಕೆಪಟ್ಟು ನೀರು ಕುಡಿಯದೆ ನಡೆದು ತಲೆ ಸುತ್ತಿ ಬೀಳುವುದು ಬೇಡ.

ಕೈಮಗುವನ್ನು ಎತ್ತಿಕೊಂಡು ಹೋಗಬೇಡಿ. ದೊಡ್ಡ ಮಕ್ಕಳ ಕೈ ಬಿಡಬೇಡಿ. 2024ರ ಡಿಸೆಂಬರ್‌ನಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಶಾಲೆಯ ಹುಡುಗಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅವರು ಇಳಿತದ ಬಯಲಿನಲ್ಲಿ ನಡೆದವರಲ್ಲ, ಅಲೆಗೆ ಸಿಕ್ಕವರು. ಆದರೆ ಅವರೂ ನಮ್ಮ ಹಾಗೆ ಸಮುದ್ರ ಇಲ್ಲದ ಸೀಮೆಯ ಮಕ್ಕಳು. ಕೆಂಪು ಬಾವುಟ ಕಂಡರೆ ಪಾದ ನೆನೆಸುವುದಕ್ಕೂ ಇಳಿಯಬೇಡಿ.

ಕಾಲು ಹೂತರೆ

ಕೆರೆ ಅಂಗಳದ ಗೋಡಿನಲ್ಲಿ ಎಮ್ಮೆ ಸಿಕ್ಕಿಕೊಳ್ಳುವುದನ್ನು ನೋಡಿದ್ದೀರಿ. ಒದ್ದಾಡಿದಷ್ಟೂ ಒಳಗೆ ಹೋಗುತ್ತದೆ. ನಿಮ್ಮ ಕಾಲು ಹೂತರೆ ಒದ್ದಾಡಬೇಡಿ. ಕೈಚೀಲ ಬಿಡಿ. ಹಿಂದಕ್ಕೆ ವಾಲಿ ಕೂತುಬಿಡಿ, ಕೈಗಳನ್ನು ಅಗಲ ಚಾಚಿ. ಭಾರ ಹರಡಿದರೆ ಮುಳುಗುವುದಿಲ್ಲ. ಒಂದೊಂದೇ ಕಾಲನ್ನು ಮೆಲ್ಲಗೆ ಅಲ್ಲಾಡಿಸಿ, ಸುತ್ತ ನೀರು ಇಳಿಯಲಿ, ಆಮೇಲೆ ಎಳೆದುಕೊಳ್ಳಿ. ಬಂದ ದಾರಿಯ ಕಡೆಗೇ ಉರುಳಿಯೋ ತೆವಳಿಯೋ ಬನ್ನಿ. ಸೀರೆ ಹಾಳಾದರೆ ಆಗಲಿ. ಜೊತೆಯವರು ಪಕ್ಕಕ್ಕೆ ಓಡಿಹೋಗಿ ನಿಂತು ಎಳೆಯಬಾರದು, ಅವರೂ ಹೂತುಹೋಗುತ್ತಾರೆ. ಗಟ್ಟಿ ನೆಲದಲ್ಲಿ ನಿಂತು ಕೋಲು ಚಾಚಬೇಕು, ದುಪಟ್ಟಾ ಎಸೆಯಬೇಕು. ಅಷ್ಟರಲ್ಲಿ ಒಬ್ಬರು 112ಕ್ಕೆ ಫೋನ್ ಮಾಡಬೇಕು, ಯಾಕೆಂದರೆ ನೀರು ಬರುವ ಹೊತ್ತು ಹತ್ತಿರವಾಗುತ್ತಿರುತ್ತದೆ.

ನಡೆಯುವಾಗ ದಾರಿ ತೋರಿಸುವವರ ಹಿಂದೆಯೇ ನಡೆಯಿರಿ, ಅವರನ್ನು ದಾಟಿ ಮುಂದೆ ಹೋಗಬೇಡಿ. ಕೊನೆಯಲ್ಲಿ ಚುರುಕಾದ ಒಬ್ಬ ಅಕ್ಕ ಇರಲಿ, ಅವರ ಹಿಂದೆ ಯಾರೂ ಉಳಿಯಬಾರದು. ಹೊರಡುವ ಮುಂಚೆ ಎಲ್ಲರ ಹೆಸರು ಒಂದು ಹಾಳೆಯಲ್ಲಿ ಬರೆದು, ಬಸ್ಸಿನಲ್ಲೇ ಉಳಿಯುವ ಒಬ್ಬರ ಕೈಗೆ ಕೊಡಿ. ಎಷ್ಟು ಗಂಟೆಗೆ ವಾಪಸ್ಸು ಬರುತ್ತೀರಿ ಅಂತಲೂ ಅದರಲ್ಲೇ ಬರೆಯಿರಿ. ಬಂದ ಮೇಲೆ ಸಿಹಿನೀರಿನಲ್ಲಿ ಕಾಲು ತೊಳೆದು, ಗಾಯ ಆಗಿದೆಯೇ ನೋಡಿಕೊಳ್ಳಿ. ಚಿಪ್ಪು ಆಳವಾಗಿ ಕೊಯ್ದಿದ್ದರೆ ಆಸ್ಪತ್ರೆಗೆ ತೋರಿಸಿ. ಆಮೇಲೆ ಆ ಹಾಳೆ ತೆಗೆದು ಹೆಸರು ಕೂಗಿ, ಒಬ್ಬೊಬ್ಬರನ್ನೇ ಬಸ್ಸು ಹತ್ತಿಸಿ.